ಹ್ಯಾಮ್‌ಸ್ಟರ್ ಮಾರುವವರೇ, ಜಾತಿ ಹೇಳಿ ಮಾರಿ!

“ಕಚ್ಚುತ್ತೇನಪ್ಪಾ ಇದು?”

“ಎಲ್ಲಾದ್ರೂ ಉಂಟಾ ಸಾರ್? ಮಗು ಇದ್ದಂಗೆ. ಜೋಡೀನೇ ತೊಗೊಂಡ್ಹೋಗಿ, ಒಂಟಿಯಾದ್ರೆ ಬೇಜಾರು ಮಾಡ್ಕೊಳ್ಳುತ್ತೆ.”

ಬಸ್ ನಿಲ್ದಾಣದ ಹಿಂಬದಿಯ ಬೀದಿಯಲ್ಲಿ ಬಣ್ಣದ ಮೀನು, ಲವ್ ಬರ್ಡ್ಸ್ ಮಾರುವ ಅಂಗಡಿಯ ಮುಂದೆ ಸಂಜೆ ಹೊತ್ತು ಐದು ನಿಮಿಷ ನಿಂತರೆ ಈ ಸಂಭಾಷಣೆ ಕಿವಿಗೆ ಬೀಳದೆ ಇರದು. ಆ ಮೇಲೆ ಒಂದು ರಟ್ಟಿನ ಡಬ್ಬಿ, ಅದಕ್ಕೆ ನಾಲ್ಕು ತೂತು, ಒಂದು ಹಿಡಿ ಮರದ ಹೊಟ್ಟು. ದುಡ್ಡು ಕೊಟ್ಟ ಗಿರಾಕಿ ಡಬ್ಬಿ ಬಗಲಲ್ಲಿಟ್ಟುಕೊಂಡು ಬಸ್ಸಿಗೆ ಓಡುತ್ತಾನೆ.

ಮೂರನೆಯ ದಿನ ಮಗಳ ಬೆರಳಿಗೆ ಬಟ್ಟೆ ಸುತ್ತಿರುತ್ತದೆ. ಒಂದು ತಿಂಗಳಲ್ಲಿ ಗೂಡಿನೊಳಗೆ ಎರಡರಲ್ಲಿ ಒಂದು ಸತ್ತು ಬಿದ್ದಿರುತ್ತದೆ. ಉಳಿದದ್ದನ್ನು ಮನೆ ಯಜಮಾನ ಖಾಲಿ ಸೈಟಿನಲ್ಲಿ ಬಿಟ್ಟು ಕೈ ತೊಳೆದುಕೊಳ್ಳುತ್ತಾನೆ. ಬೆಳಗಾಗುವಷ್ಟರಲ್ಲಿ ಅದು ಬೆಕ್ಕಿನ ಪಾಲು.

ಇದರಲ್ಲಿ ತಪ್ಪು ಯಾರದು? ಪ್ರಾಣಿಯದಂತೂ ಅಲ್ಲ.

ಅಕ್ಕಿ ಅಂಗಡಿಯಲ್ಲಿ ಸೋನಾ ಮಸೂರಿ ಕೇಳಿದವನಿಗೆ ದೋಸೆ ಅಕ್ಕಿ ಅಳೆದುಕೊಟ್ಟರೆ ಗಿರಾಕಿ ಸುಮ್ಮನಿರುತ್ತಾನೆಯೇ? ಮರುದಿನವೇ ಚೀಲ ತಂದು ಗಲ್ಲಾಪೆಟ್ಟಿಗೆ ಮುಂದೆ ಸುರಿಯುತ್ತಾನೆ. ಹಣ್ಣಿನವನು ಬಾದಾಮಿಗೂ ತೋತಾಪುರಿಗೂ ಬೇರೆ ಬೇರೆ ಬುಟ್ಟಿ ಇಡುತ್ತಾನೆ. ಜೀವವಿರುವ ಈ ಮಾಲಿಗೆ ಮಾತ್ರ ಎಲ್ಲಕ್ಕೂ ಒಂದೇ ಹೆಸರು: ಹ್ಯಾಮ್‌ಸ್ಟರ್! ಒಂದೇ ಭರವಸೆ: ಕಚ್ಚಲ್ಲ!

ಐದು ಜಾತಿ, ಐದು ಬುದ್ಧಿ

ಸಾಕುವ ಹ್ಯಾಮ್‌ಸ್ಟರ್‌ಗಳಲ್ಲಿ ಮುಖ್ಯವಾಗಿ ಐದು ಜಾತಿ. ಎಲ್ಲಕ್ಕಿಂತ ದೊಡ್ಡದು ಸಿರಿಯನ್. ಉದ್ದ ಸುಮಾರು ಆರು ಅಂಗುಲ, ತೂಕ 100ರಿಂದ 150 ಗ್ರಾಂ. ನಿಧಾನಸ್ಥ. ದಿನಾ ಮೆಲ್ಲಗೆ ಕೈಯಲ್ಲಿ ಹಿಡಿದು ರೂಢಿ ಮಾಡಿದರೆ ಸುಲಭವಾಗಿ ಪಳಗುತ್ತದೆ. ಹೊಸದಾಗಿ ಸಾಕುವವರಿಗೆ ಇದೇ ಸರಿ. ಆದರೆ ಇದಕ್ಕೆ ಒಂದು ಹಟ: ಬೆಳೆದ ಮೇಲೆ ತನ್ನ ಗೂಡಿನಲ್ಲಿ ತಾನೊಂದೇ ಇರಬೇಕು. ಎಂಟು-ಹತ್ತು ವಾರ ತುಂಬಿದ ಎರಡು ಸಿರಿಯನ್‌ಗಳನ್ನು ಒಟ್ಟಿಗೆ ಕೂಡಿದರೆ ಅಣ್ಣ-ತಮ್ಮ, ಗಂಡ-ಹೆಂಡತಿ ಎಂಬ ಲೆಕ್ಕವಿಲ್ಲ, ರಕ್ತ ಬರುವಂತೆ ಕಾದಾಡುತ್ತವೆ. “ಒಂಟಿಯಾದ್ರೆ ಬೇಜಾರು” ಎಂದು ಜೋಡಿ ಕಟ್ಟಿಕೊಡುವ ಅಂಗಡಿಯವರು ಕಟ್ಟಿಕೊಡುವುದು ಈ ಜಗಳವನ್ನೇ. ಇನ್ನು ‘ಟೆಡ್ಡಿ ಬೇರ್’ ಎಂದು ಹೆಚ್ಚು ದುಡ್ಡು ಹೇಳುತ್ತಾರಲ್ಲ, ಅದು ಬೇರೆ ಜಾತಿಯಲ್ಲ. ಉದ್ದ ಕೂದಲಿನ ಸಿರಿಯನ್ ಅಷ್ಟೆ.

ಎರಡನೆಯದು ಕ್ಯಾಂಪ್‌ಬೆಲ್. ಕುಳ್ಳ ಜಾತಿ, ಮಂಗೋಲಿಯಾ ಕಡೆಯದು. ತೂಕ ಸಿರಿಯನ್‌ನ ಮೂರರಲ್ಲೊಂದು ಪಾಲೂ ಇರಲಾರದು, ಆದರೆ ಕಚ್ಚುವುದರಲ್ಲಿ ಕೆಟ್ಟ ಹೆಸರು ಇದಕ್ಕೇ ಹೆಚ್ಚು. ವಿಶೇಷವಾಗಿ ಗೂಡಿನೊಳಗೆ ಕೈ ಹಾಕಿದರೆ ತನ್ನ ಜಾಗಕ್ಕೆ ಯಾರೋ ನುಗ್ಗಿದರೆಂದು ಹಲ್ಲು ಊರುತ್ತದೆ. ಅದನ್ನು ಬಟ್ಟಲಿನಲ್ಲಿ ಹತ್ತಿಸಿಕೊಂಡು ಹೊರಗೆ ತಂದು ಆಮೇಲೆ ಹಿಡಿಯುವುದು ಜಾಣತನ.

ಮೂರನೆಯದು ವಿಂಟರ್ ವೈಟ್. ಸೈಬೀರಿಯಾದ ಕಡೆಯದು; ಅಲ್ಲಿ ಚಳಿಗಾಲದಲ್ಲಿ ಹಗಲು ಗಿಡ್ಡವಾದಂತೆ ಇದರ ಮೈ ಬೆಳ್ಳಗಾಗುತ್ತದೆ. ನೋಡಲು ಕ್ಯಾಂಪ್‌ಬೆಲ್‌ನ ತಮ್ಮನಂತೆ, ಸ್ವಭಾವ ಸ್ವಲ್ಪ ಮೆದು. ತೊಂದರೆ ಏನೆಂದರೆ ಇವೆರಡೂ ಬೆರೆತು ಮರಿ ಹಾಕುತ್ತವೆ. ಅಂಗಡಿಗಳಲ್ಲಿ ‘ಡ್ವಾರ್ಫ್’ ಎಂದು ಸಿಗುವ ಎಷ್ಟೋ ಮರಿಗಳು ಇಂಥ ಬೆರಕೆ. ಬೆರಕೆ ಮರಿ ಯಾವ ಕಡೆಯ ಬುದ್ಧಿ ತೋರಿಸುತ್ತದೋ ಬ್ರಹ್ಮನೇ ಬಲ್ಲ.

ನಾಲ್ಕನೆಯದು ರೋಬೊರೋವ್‌ಸ್ಕಿ. ಎಲ್ಲಕ್ಕಿಂತ ಚಿಕ್ಕದು, 20-25 ಗ್ರಾಂ ತೂಗಿದರೆ ಹೆಚ್ಚು. ಕಚ್ಚುವುದು ಅಪರೂಪ. ಆದರೆ ಪಾದರಸ! ಅಂಗೈಯಲ್ಲಿಟ್ಟರೆ ಇಟ್ಟ ಕ್ಷಣವೇ ಮಾಯ. ಬೀರುವಿನ ಹಿಂದೆ ಸೇರಿದರೆ ಮನೆಮಂದಿಯೆಲ್ಲ ರಾತ್ರಿಯಿಡೀ ಹುಡುಕಬೇಕು. ಇದು ದೂರದಿಂದ ನೋಡುವ ಪ್ರಾಣಿ, ಮಕ್ಕಳ ಕೈಗೆ ಕೊಡುವುದಲ್ಲ.

ಕೊನೆಯದು ಚೈನೀಸ್. ಮೈ ಸಪೂರ, ಮಿಕ್ಕವಕ್ಕಿಂತ ಬಾಲ ಉದ್ದ. ಮೊದಮೊದಲು ಪುಕ್ಕಲು, ಪಳಗಿದ ಮೇಲೆ ಸಾಧು. ಬೆರಳನ್ನು ಕಾಲುಗಳಿಂದ ತಬ್ಬಿ ಹಿಡಿದು ಕೂರುತ್ತದೆ.

ಒಂದು ಜಾತಿಯಲ್ಲೂ ಎಲ್ಲ ಒಂದೇ ಥರ ಇರುವುದಿಲ್ಲ, ನಿಜ. ಒಂದೇ ತಾಯಿಯ ಮಕ್ಕಳಲ್ಲೇ ಒಬ್ಬ ಸಿಡುಕ, ಒಬ್ಬ ಸಾಧು ಇಲ್ಲವೇ? ಆದರೂ ಕೊಳ್ಳುವವನಿಗೆ ಅಂದಾಜಾದರೂ ಬೇಡವೇ?

ಕಚ್ಚುವುದು ಕೋಪದಿಂದಲ್ಲ

1930ರಲ್ಲಿ ಸಿರಿಯಾ ದೇಶದ ಅಲೆಪ್ಪೊ ಬಳಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಹೊಲ ಅಗೆಸಿ ಒಂದು ತಾಯಿ ಹ್ಯಾಮ್‌ಸ್ಟರನ್ನೂ ಅದರ ಮರಿಗಳನ್ನೂ ಹಿಡಿದರು. ಪೆಟ್ಟಿಗೆಗೆ ಹಾಕಿದೊಡನೆ ಹೆದರಿದ ತಾಯಿ ತನ್ನದೇ ಒಂದು ಮರಿಯನ್ನು ಕಚ್ಚಿ ಕೊಂದಿತು. ಮರಿಗಳಲ್ಲಿ ಬದುಕಿ ಉಳಿದವನ್ನು ಜೆರುಸಲೆಮ್‌ನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಬೆಳೆಸಿದರು. ಇಂದು ಪ್ರಪಂಚದ ಮನೆಮನೆಯಲ್ಲಿರುವ ಸಿರಿಯನ್‌ಗಳ ಬಹುಪಾಲು ಆ ಒಂದು ಬಾಣಂತಿಯ ಸಂತಾನ. ಹೆದರಿದರೆ ಹೆತ್ತ ಮರಿಯನ್ನೇ ಬಿಡದ ವಂಶ, ಗಿರಾಕಿಯ ಬೆರಳನ್ನು ಬಿಟ್ಟೀತೇ?

ಹ್ಯಾಮ್‌ಸ್ಟರಿಗೆ ಕಣ್ಣು ಮಂದ, ಮೂಗು ಚುರುಕು. ಹಗಲು ನಿದ್ದೆ, ರಾತ್ರಿ ಓಡಾಟ. ಸ್ಕೂಲಿನಿಂದ ಬಂದ ಹುಡುಗ ಮಧ್ಯಾಹ್ನ ನಾಲ್ಕಕ್ಕೆ ಮಲಗಿದ್ದನ್ನು ಹಿಡಿದೆಳೆದರೆ ಕಚ್ಚದೆ ಏನು ಮಾಡೀತು? ರಾತ್ರಿ ಪಾಳಿ ಮುಗಿಸಿ ಮಲಗಿದ ಕಂಡಕ್ಟರನ್ನು ಯಾರಾದರೂ ಹಾಗೆ ಎಬ್ಬಿಸಿ ನೋಡಲಿ! ಕಡಲೆಕಾಯಿ ತಿಂದ ಕೈಯನ್ನು ತೊಳೆಯದೆ ಒಳಗಿಟ್ಟರೆ ಬೆರಳೂ ಕಡಲೆಯೇ. ಮೇಲಿನಿಂದ ಗಪ್ಪನೆ ಹಿಡಿದರೆ ಹದ್ದು ಎರಗಿದ ಹಾಗೆ. ಮರಿ ಹಾಕಿದ ತಾಯಿಯ ಗೂಡಿಗೆ ಕೈ ಹಾಕುವುದಂತೂ ಬೇಡವೇ ಬೇಡ.

ಕಚ್ಚಿ ಹಿಡಿದರೆ ಕೈ ಒದರಿ ಎಸೆಯಬಾರದು. ಮೆಲ್ಲಗೆ ಗೂಡಿನೊಳಗೆ ಇಳಿಸಿದರೆ ತಾನಾಗಿ ಬಿಡುತ್ತದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಅರಿಶಿನ ಮೆತ್ತಿ ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ ಟಿ.ಟಿ. ಚುಚ್ಚುಮದ್ದು ಬೇಕೇ ಎಂದು ಕೇಳಬೇಕು. ಮೈಯೆಲ್ಲ ದದ್ದು, ಉಬ್ಬಸ, ತಲೆಸುತ್ತು ಬಂದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆ. ಕುಳ್ಳ ಜಾತಿಯವು ಕಚ್ಚಿ ಕೆಲವರಿಗೆ ಹೀಗೆ ಅಲರ್ಜಿ ಏರಿದ್ದುಂಟು.

ಒಂದು ಚೀಟಿ ಬರೆದರೆ ಏನು ಗಂಟು ಹೋಗುತ್ತೆ?

ಅಂಗಡಿಯವರನ್ನು ಕೇಳಿದರೆ, “ನಮಗೆ ಬೆಂಗಳೂರಿಂದ ಬರೋದೇ ಎಲ್ಲಾ ಕಲಸಿ ಸ್ವಾಮಿ, ನಾವೇನ್ ಮಾಡೋಣ?” ಎನ್ನುತ್ತಾರೆ. ಅಕ್ಕಿಯೂ ಕಲಸಿಯೇ ಬಂದರೆ ವ್ಯಾಪಾರಿ ಮೂಟೆ ವಾಪಸು ಕಳಿಸುವುದಿಲ್ಲವೇ? 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಸಾಕುಪ್ರಾಣಿ ಮಾರುವ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು, ಲೆಕ್ಕಪತ್ರ ಇಡಬೇಕು. ಗೋಡೆಯ ಮೇಲೆ ಲಕ್ಷ್ಮಿ ಪಟದ ಪಕ್ಕದಲ್ಲಿ ಆ ನೋಂದಣಿ ಪತ್ರವೂ ಇದೆಯೇ ಎಂದು ಗಿರಾಕಿಗಳು ಕಣ್ಣು ಹಾಯಿಸಲಿ. ಪಶುವೈದ್ಯ ಇಲಾಖೆಯವರೂ ಒಮ್ಮೆ ಆ ಬೀದಿಯಲ್ಲಿ ಕಾಲಾಡಿಸಿ ಬರಲಿ.

ಗಿರಾಕಿಯೇನೂ ಸಾಚಾ ಅಲ್ಲ. ಬಸ್ಸಿಗೆ ಹತ್ತು ನಿಮಿಷವಿರುವಾಗ ಅಳುವ ಮಗುವಿನ ಬಾಯಿ ಮುಚ್ಚಿಸಲು ಕೊಳ್ಳುವ ಸಾಮಾನು ಇದಲ್ಲ. ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ ಬದುಕುವ ಜೀವ. ಬೇಸಿಗೆಯಲ್ಲಿ ಬಸ್ಸಿನ ಇಂಜಿನ್ ಪಕ್ಕದಲ್ಲಿ ಡಬ್ಬಿ ಇಟ್ಟರೆ ಮನೆ ಸೇರುವ ಮುಂಚೆಯೇ ಅದರ ಕಥೆ ಮುಗಿದಿರುತ್ತದೆ. ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಬೇಕು: ಯಾವ ಜಾತಿ? ಗಂಡೋ ಹೆಣ್ಣೋ? ಎಷ್ಟು ವಾರದ್ದು? ಉತ್ತರ ಕೊಡಲಾರದ ಅಂಗಡಿಯ ಮೆಟ್ಟಿಲು ಇಳಿದು ಬಂದುಬಿಡಬೇಕು.

ಅಂಗಡಿಯವರು ಮಾಡಬೇಕಾದದ್ದು ಇಷ್ಟೇ. ಗೂಡಿಗೊಂದು ರಟ್ಟಿನ ಚೀಟಿ. ಅದರ ಮೇಲೆ ಜಾತಿಯ ಹೆಸರು, ‘ಒಂಟಿಯಾಗಿ ಇಡಿ’, ‘ಮಕ್ಕಳ ಕೈಗೆ ಕೊಡಬೇಡಿ’ ಎಂದು ಎರಡು ಸಾಲು. ಶಾಯಿ ಖರ್ಚು ನಾಲ್ಕಾಣೆಯೂ ಆಗದು. “ಕಚ್ಚಲ್ಲ ಸಾರ್” ಎಂಬ ಸುಳ್ಳಿನಿಂದ ಒಂದು ದಿನದ ವ್ಯಾಪಾರವಾಗಬಹುದು. “ಇದು ಕಚ್ಚುತ್ತೆ, ಅದನ್ನ ತೊಗೊಳ್ಳಿ” ಎಂದ ಅಂಗಡಿಗೆ ಗಿರಾಕಿ ಕಾಳಿಗೂ ಹೊಟ್ಟಿಗೂ ಎರಡು ವರ್ಷ ಬರುತ್ತಾನೆ. ಯಾವುದು ಲಾಭ, ವ್ಯಾಪಾರಿಗಳೇ ಲೆಕ್ಕ ಹಾಕಲಿ.