ಲೋಟದ ತಳದಲ್ಲಿ ಉಳಿದ ಮೆಂತ್ಯ

ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕಿ, ಬೆಳಿಗ್ಗೆ ನೀರನ್ನಷ್ಟೇ ಸೋಸಿ ಕುಡಿದು ಕಾಳು ಚೆಲ್ಲುವವರು ಬಹಳ ಮಂದಿ. ಸಕ್ಕರೆ ಕಾಯಿಲೆಗೆ ಮೆಂತ್ಯ ಒಳ್ಳೆಯದೆಂಬ ಮಾತು ಸುಳ್ಳಲ್ಲ. ಆದರೆ ಅದರ ಬಲ ಹೆಚ್ಚಾಗಿ ಇರುವುದು ಚೆಲ್ಲಿದ ಆ ಕಾಳಿನಲ್ಲೇ.

ನೆನೆದ ಕಾಳನ್ನು ಬೆರಳ ನಡುವೆ ಹಿಸುಕಿ ನೋಡಿ, ಲೋಳೆ ಅಂಟುತ್ತದೆ. ಗ್ಯಾಲಕ್ಟೋಮನ್ನಾನ್ ಎಂಬ ಕರಗುವ ನಾರಿನ ಗುಣ ಅದು. ಹೊಟ್ಟೆಯಲ್ಲಿ ಈ ನಾರು ನೀರು ಹೀರಿ ಗಂಜಿಯಂತೆ ಮಂದವಾಗುತ್ತದೆ. ಹೀಗಾಗಿ ಉಂಡ ಅನ್ನ, ಮುದ್ದೆಯ ಗ್ಲೂಕೋಸ್ ರಕ್ತಕ್ಕೆ ಒಮ್ಮೆಲೇ ನುಗ್ಗದೆ ನಿಧಾನವಾಗಿ ಸೇರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ. 1990ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಟೈಪ್ 1 ಮಧುಮೇಹಿಗಳು ದಿನಕ್ಕೆ 100 ಗ್ರಾಂ ಕೊಬ್ಬು ತೆಗೆದ ಮೆಂತ್ಯದ ಪುಡಿಯನ್ನು ಎರಡು ಹೊತ್ತಿನ ಊಟದಲ್ಲಿ ಹಂಚಿಕೊಂಡು 10 ದಿನ ತಿಂದರು. ಮೂತ್ರದಲ್ಲಿ ಹೋಗುವ ಸಕ್ಕರೆ ಶೇ 54ರಷ್ಟು ಇಳಿಯಿತು. ಆದರೆ 100 ಗ್ರಾಂ ಎಂದರೆ ಇಪ್ಪತ್ತು ಟೀ ಚಮಚಕ್ಕೂ ಹೆಚ್ಚು. ಆ ಕಹಿಯನ್ನು ದಿನವೂ ತಿನ್ನುವವರು ಯಾರು?

ಪ್ರಮಾಣದ ಈ ಪ್ರಶ್ನೆಯೇ ಮುಖ್ಯ. 2014ರಲ್ಲಿ 10 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಖಾಲಿ ಹೊಟ್ಟೆಯ ಸಕ್ಕರೆ ಸರಾಸರಿ ಡೆಸಿಲೀಟರ್‌ಗೆ 17 ಮಿಲಿಗ್ರಾಂನಷ್ಟು, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 0.85 ಶೇಕಡಾ ಅಂಶದಷ್ಟು ಇಳಿದಿತ್ತು. ಮಧುಮೇಹಿಗಳು ಮಧ್ಯಮ ಅಥವಾ ಹೆಚ್ಚಿನ ಪ್ರಮಾಣದಲ್ಲಿ ತಿಂದಾಗ ಮಾತ್ರ ಖಾಲಿ ಹೊಟ್ಟೆಯ ಸಕ್ಕರೆಯಲ್ಲಿ ಸ್ಪಷ್ಟ ಫಲ ಕಂಡಿತು. ಪ್ರಯೋಗಗಳಲ್ಲಿ ಬಹುಪಾಲು ಅಷ್ಟು ಗಟ್ಟಿಯಾದವೂ ಅಲ್ಲ. ಒಗ್ಗರಣೆಗೆ ಬೀಳುವ ನಾಲ್ಕು ಕಾಳು ಸಾರಿಗೆ ಘಮ ಕೊಡುತ್ತದೆ, ಸಕ್ಕರೆ ಇಳಿಸುವುದಿಲ್ಲ.

ಹಾಗಾದರೆ ಮಾಡುವುದೇನು? ನೆನೆದ ಕಾಳನ್ನು ನೀರಿನೊಡನೆ ಅಗಿದು ನುಂಗಿ, ಇಲ್ಲವೇ ರುಬ್ಬಿ ದೋಸೆ ಹಿಟ್ಟಿಗೆ ಸೇರಿಸಿ. ಮೊದಮೊದಲು ಹೊಟ್ಟೆ ಉಬ್ಬರಿಸಬಹುದು, ಸ್ವಲ್ಪದಿಂದ ಶುರು ಮಾಡಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯುವ ಅಪಾಯವಿದೆ. ರಕ್ತ ತೆಳುಮಾಡುವ ಔಷಧ ಸೇವಿಸುವವರು, ಗರ್ಭಿಣಿಯರು, ಕಡಲೆಕಾಯಿ ಒಗ್ಗದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮೆಂತ್ಯ ನಂಬಿ ಮಾತ್ರೆ ಬಿಡುವುದಂತೂ ಬೇಡವೇ ಬೇಡ.

ಮೆಂತ್ಯ ತಟ್ಟೆಯ ಅನ್ನವನ್ನು ಕಡಿಮೆ ಮಾಡುವುದಿಲ್ಲ, ಅದರ ಸಕ್ಕರೆ ರಕ್ತ ಸೇರುವ ವೇಗಕ್ಕೆ ಕಡಿವಾಣ ಹಾಕುತ್ತದೆ, ಅಷ್ಟೇ. ಎಷ್ಟು ಬಡಿಸಿಕೊಳ್ಳಬೇಕೆಂಬ ಲೆಕ್ಕ ನಮ್ಮದೇ.