ಎಲ್ಲರಿಂದ ದೂರ... ಆದರೆ ಯಾರಿಂದ?

"ನೆಟ್‌ವರ್ಕ್ ಇಲ್ಲ, ಟಿವಿ ಇಲ್ಲ, ಟ್ರಾಫಿಕ್ ಇಲ್ಲ. ಎಲ್ಲರಿಂದ ದೂರ ಬನ್ನಿ!"

ಇಷ್ಟು ಓದಿದ್ದೇ ತಡ, ಆಫೀಸಿನ ನಾವು ಆರು ಜನ ದುಡ್ಡು ಕಟ್ಟಿಬಿಟ್ಟೆವು. ಕಳೆದ ಡಿಸೆಂಬರಿನ ಮಾತು. ಬೆಂಗಳೂರಿಂದ ರಾತ್ರಿ ಬಸ್ಸು, ದಾಂಡೇಲಿಯಲ್ಲಿ ಇಳಿದು ಜೀಪು, ಗಣೇಶಗುಡಿ ದಾಟಿ ಒಂದಷ್ಟು ಮಣ್ಣು ರಸ್ತೆ, ಆಮೇಲೆ ಕಾಡಿನ ನಡುವೆ ಆ ಲಾಡ್ಜು. ಹೆಸರು ಬೇಡ ಬಿಡಿ. ಎರಡು ರಾತ್ರಿ ಟೆಂಟು, ಮೂರು ಹೊತ್ತು ಊಟ, ಕಾಳಿ ನದಿಯಲ್ಲಿ ರಾಫ್ಟಿಂಗ್. ಬೆಳಿಗ್ಗೆ ತಲೆಯ ಮೇಲೆ ಮಂಗಟ್ಟೆ ಹಕ್ಕಿಯೊಂದು ಹಾರಿಹೋದಾಗ ರೆಕ್ಕೆಯ ಸದ್ದು ಕೇಳಿ ಬೆಚ್ಚಿಬಿದ್ದೆ. ಉಗಿಬಂಡಿ ಹೋದ ಹಾಗೆ ಇರುತ್ತೆ ಮಾರಾಯ್ರೇ ಅದು! ಅಷ್ಟಕ್ಕೇ ಕೊಟ್ಟ ದುಡ್ಡು ವಸೂಲಾಯ್ತು ಅಂದುಕೊಂಡೆ.

ಕಥೆ ಶುರುವಾಗಿದ್ದು ಆಮೇಲೆ.

ಹತ್ತು ಗಂಟೆಗೆ ರಾಫ್ಟಿಂಗ್ ಅಂದಿದ್ದರು. ಲೈಫ್ ಜಾಕೆಟ್, ಹೆಲ್ಮೆಟ್ ಹಾಕಿಕೊಂಡು ಹೊಳೆದಂಡೆಯಲ್ಲಿ ಕೂತರೆ ಹೊಳೆಯಲ್ಲಿ ನೀರೇ ಇಲ್ಲ! ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು ಅಷ್ಟೇ. ಹನ್ನೊಂದಾಯ್ತು, ಹನ್ನೆರಡಾಯ್ತು. ನಮ್ಮ ಜೊತೆ ಇದ್ದ ಇನ್ನೊಂದು ತಂಡದವರು ಗೈಡ್ ಹುಡುಗನ ಮೇಲೆ ಕೂಗಾಡೋಕೆ ಶುರು ಮಾಡಿದರು. "ದುಡ್ಡು ತಗೊಂಡಿಲ್ವಾ? ಯಾವಾಗ ಕರ್ಕೊಂಡು ಹೋಗ್ತೀಯಾ?" ಅವನು ಸಮಾಧಾನವಾಗೇ ಹೇಳಿದ, "ನೀರು ಇನ್ನೂ ಬಿಟ್ಟಿಲ್ರಿ ಸರ್. ಮ್ಯಾಲೆ ಮಷೀನ್ ಚಾಲೂ ಆದ್ರ ಇಲ್ಲಿ ನೀರು. ಅಲ್ಲೀತನಕ ಏನೂ ಮಾಡಾಕ ಬರಂಗಿಲ್ರಿ."

ಆಗ ನನ್ನ ತಲೆಗೆ ಹೋಯ್ತು. ನಾವು ಕೂತಿದ್ದು ಸೂಪಾ ಅಣೆಕಟ್ಟಿನ ಕೆಳಗೆ. ಅಲ್ಲಿನ ವಿದ್ಯುದಾಗಾರದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರಗಳಿವೆ. ಅವು ತಿರುಗಿದಾಗ ಹೊರಬರುವ ನೀರೇ ನಮ್ಮ ರಾಫ್ಟಿಂಗಿನ ನೊರೆ, ಅಲೆ, ಕಿರುಚಾಟ ಎಲ್ಲ. ಅಂದರೆ ಎಲ್ಲೋ ಊರುಗಳಲ್ಲಿ ಕರೆಂಟು ಬೇಕಾದಾಗ ಇಲ್ಲಿ ಹೊಳೆಗೆ ರಭಸ ಬರುತ್ತೆ. ನಾನು 'ಕಾಡು ಹೊಳೆ' ಅಂದುಕೊಂಡು ಬಂದಿದ್ದು ಸ್ವಿಚ್ ಹಾಕಿದರೆ ಹರಿಯೋ ಹೊಳೆಗೆ! ಈ ನೀರೇ ಮುಂದೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ಮತ್ತೆ ಯಂತ್ರ ತಿರುಗಿಸಿ, ಕಾರವಾರದ ಹತ್ತಿರ ಸಮುದ್ರ ಸೇರೋದು.

ಎರಡು ಗಂಟೆ ಹೊತ್ತಿಗೆ ನೀರು ಬಂತು. ರಾಫ್ಟಿಂಗೂ ಆಯ್ತು. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ಸಂಜೆ ಅದೇ ಹುಡುಗ ನಮ್ಮನ್ನು ಒಂದು ಗುಡ್ಡ ಹತ್ತಿಸಿದ. ಸನ್‌ಸೆಟ್ ಪಾಯಿಂಟ್ ಅಂತೆ. ಮೇಲೆ ಹೋಗಿ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮೊಬೈಲ್ ತೆಗೆದು ನೋಡಿದ್ದು. ಎರಡು ಕಡ್ಡಿ ಸಿಗ್ನಲ್ ಇತ್ತು. ಹುಡುಗ ನಕ್ಕ. "ನಿಮಗ ಇದು ಸನ್‌ಸೆಟ್ ಪಾಯಿಂಟ್ರಿ ಸರ್. ಲಾಕ್‌ಡೌನ್‌ದಾಗ ನಮ್ಮ ತಂಗಿಗೆ ಇದಾ ಸಾಲಿ ಆಗಿತ್ತು."

2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಆ ಹುಡುಗಿ ದಿನಾ ಆ ಗುಡ್ಡ ಹತ್ತುತ್ತಿದ್ದಳಂತೆ. ಮಳೆ ಬಂದರೆ ಕೊಡೆ, ಜೊತೆಗೆ ಅಮ್ಮ. ನಾನು ಮೊಬೈಲನ್ನು ಜೇಬಿಗಿಟ್ಟೆ.

ಆಮೇಲೆ ಅವನು ಅಣೆಕಟ್ಟಿನ ದಿಕ್ಕಿಗೆ ಕೈ ತೋರಿಸಿದ. "ನಮ್ಮ ಅಜ್ಜನ ಮನಿ ಅಲ್ಲೇ ಐತ್ರಿ, ನೀರಿನ ಕೆಳಗ." ಸೂಪಾ ಅನ್ನೋದು ಬರೀ ಅಣೆಕಟ್ಟಿನ ಹೆಸರಲ್ಲ, ಅದೊಂದು ಊರು. ತಾಲೂಕು ಕೇಂದ್ರವಾಗಿದ್ದ ಊರು! 101 ಮೀಟರ್ ಎತ್ತರದ ಕಟ್ಟೆ 1987ರಲ್ಲಿ ಮುಗಿಯುವ ಹೊತ್ತಿಗೆ ಅದು ನೀರಿನೊಳಗಿತ್ತು. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯ್ತು, ಮನೆ ಕಳಕೊಂಡವರಲ್ಲಿ ಬಹಳಷ್ಟು ಜನ ರಾಮನಗರಕ್ಕೆ ಹೋದರು (ಬೆಂಗಳೂರಿನ ಪಕ್ಕದ್ದಲ್ಲ, ಇದು ಜೋಯಿಡಾ ತಾಲೂಕಿನದ್ದೇ).

ಅವತ್ತು ರಾತ್ರಿ ಟೆಂಟಿನಲ್ಲಿ ಮಲಗಿ ಯೋಚಿಸುತ್ತಿದ್ದೆ. ಇದು ದೂರದ ಜಾಗ ಅಂತ ನಾವು ದುಡ್ಡು ಕೊಟ್ಟು ಬಂದಿದ್ದೀವಲ್ಲ, ಇದು ದೂರ ಆಗಿದ್ದು ಹೇಗೆ? ಒಂದು ಕಾಲಕ್ಕೆ ಇಲ್ಲಿಯ ಜನಕ್ಕೆ ಹತ್ತಿರದಲ್ಲೇ ಒಂದು ಪೇಟೆ, ಕಚೇರಿ ಎಲ್ಲ ಇತ್ತು. ನಮ್ಮ ಮನೆಗಳಿಗೆ ಬೆಳಕು ಬರಲಿ ಅಂತ ಅದನ್ನು ಮುಳುಗಿಸಿದೆವು. ಈಗ "ಅಬ್ಬಾ, ಎಷ್ಟು ಶಾಂತವಾಗಿದೆ" ಅಂತ ಬಂದು ಮಲಗುತ್ತೀವಿ. ನೆಟ್‌ವರ್ಕ್ ಇಲ್ಲದಿರೋದು ನಮಗೆ ಎರಡು ದಿನದ ಆರಾಮ. ಇಲ್ಲಿಯ ಬಸುರಿ ಹೆಂಗಸಿಗೆ ನಡುರಾತ್ರಿ ನೋವು ಬಂದರೆ?

ಇಂಥ ಲಾಡ್ಜುಗಳೇ ಬೇಡ ಅನ್ನೋ ವಾದ ನನ್ನದಲ್ಲ. ಆ ಹುಡುಗನ ಸಂಬಳ ಬರೋದು ಅಲ್ಲಿಂದಲೇ, ಹೋಗೋದು ನಿಲ್ಲಿಸಿದರೆ ಮೊದಲು ಪೆಟ್ಟು ಬೀಳೋದೂ ಅವನಿಗೇ. ನನ್ನ ತಕರಾರು ಇಷ್ಟೇ. ಬಂದವರಿಗೆ ಈ ಕಥೆಯನ್ನ ಲಾಡ್ಜಿನವರು ಹೇಳೋದೇ ಇಲ್ಲ. ಹುಟ್ಟು ಹಾಕೋದು ಹೇಗೆ, ಬಿದ್ದರೆ ಏನು ಮಾಡಬೇಕು ಅಂತ ಅರ್ಧ ಗಂಟೆ ಪಾಠ ಮಾಡ್ತಾರೆ. ಅದು ಬೇಕು, ಸರಿ. ಅದರ ಜೊತೆ ಹತ್ತು ನಿಮಿಷ ಈ ನೀರು ಎಲ್ಲಿಂದ ಬರ್ತಿದೆ, ಅದರ ಕೆಳಗೆ ಏನಿದೆ ಅಂತ ಹೇಳಿದರೆ ಗಂಟೇನು ಹೋಗುತ್ತೆ? ಹೇಳಿದ್ದರೆ ಅವತ್ತು ದಂಡೆಯಲ್ಲಿ ಕೂಗಾಡಿದವರು ಕೂಗಾಡುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಊಟದ ವಿಷಯಾನೂ ಹಾಗೇ. ಜೋಯಿಡಾದ ಕುಣಬಿ ಜನ ಎಷ್ಟೊಂದು ಬಗೆಯ ಗೆಡ್ಡೆ-ಗೆಣಸು ಬೆಳೀತಾರೆ ಅಂದರೆ ಅದಕ್ಕೇ ಅಂತ ಅಲ್ಲಿ ಮೇಳ ನಡೆಯುತ್ತೆ. ನಮಗೆ ಎರಡು ದಿನವೂ ಬಡಿಸಿದ್ದು ಪನ್ನೀರು, ಗೋಬಿ ಮಂಚೂರಿ. ಕೇಳಿದರೆ "ಗೆಸ್ಟ್‌ಗಳು ಅದನ್ನೇ ಕೇಳ್ತಾರೆ ಸರ್" ಅಂದರು. ನಿಜ ಇರಬಹುದು. ಹಾಗಾದರೆ ನಾವೇ ಬೇರೆ ಏನಾದರೂ ಕೇಳೋಕೆ ಶುರು ಮಾಡಬೇಕು. ಊಟದಲ್ಲೂ, ಮಾತಲ್ಲೂ.

ಹೊರಡೋ ದಿನ ಗೈಡ್ ಹುಡುಗನಿಗೆ ಟಿಪ್ಸ್ ಕೊಡುತ್ತಾ ತಂಗಿ ಈಗ ಏನ್ ಮಾಡ್ತಿದ್ದಾಳೆ ಅಂತ ಕೇಳಿದೆ. "ಡಿಗ್ರಿ ಮಾಡಾಕತ್ತಾಳ್ರಿ, ದಾಂಡೇಲ್ಯಾಗ" ಅಂದ. ಆ ಎರಡು ದಿನದಲ್ಲಿ ಅವನ ಮುಖ ಅಷ್ಟು ಅರಳಿದ್ದು ನಾನು ನೋಡಿರಲಿಲ್ಲ.

ನೀವೂ ಇಂಥ ಕಡೆ ಹೋಗಿರ್ತೀರಿ. ನಿಮ್ಮನ್ನ ಗುಡ್ಡ ಹತ್ತಿಸಿದವರ ಮನೆ ಎಲ್ಲಿ ಅಂತ ಕೇಳಿದ್ರಾ? ನಾನಂತೂ ಅವತ್ತಿನವರೆಗೂ ಯಾರನ್ನೂ ಕೇಳಿರಲಿಲ್ಲ.