ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬೇಕಿದ್ದಾರೆ ಸುಗಮಕಾರರು

ಬೈಂದೂರು: 2018ರಲ್ಲಿ ಬೈಂದೂರು ಪ್ರತ್ಯೇಕ ತಾಲೂಕಾಗಿ ಕಾರ್ಯಾರಂಭ ಮಾಡಿದಂದಿನಿಂದ ಇಲ್ಲಿನ ಆರೋಗ್ಯ ಸೇವೆಯ ಕುರಿತಾದ ಚರ್ಚೆ ಬಹುತೇಕ ಕಟ್ಟಡ, ಹಾಸಿಗೆ ಹಾಗೂ ವೈದ್ಯರ ಹುದ್ದೆಗಳ ಸುತ್ತಲೇ ನಡೆದಿದೆ. ಇವೆಲ್ಲ ಅಗತ್ಯವೇ. ಆದರೆ ಇರುವ ಕೇಂದ್ರದಲ್ಲಿ, ಇರುವ ಸಿಬ್ಬಂದಿಯಿಂದ ರೋಗಿಗೆ ದೊರೆಯುವ ಚಿಕಿತ್ಸೆಯ ಗುಣಮಟ್ಟವನ್ನು ಸುಧಾರಿಸುವ ಹೊಣೆ ಯಾರದು ಎಂಬ ಪ್ರಶ್ನೆ ಹಿಂದೆ ಸರಿದಿದೆ.

ಶಿರೂರಿನ ಕಡಲ ತೀರದಿಂದ ಕೊಲ್ಲೂರಿನ ಘಟ್ಟದ ಬುಡದವರೆಗೆ ಹರಡಿರುವ ತಾಲೂಕಿದು. ಮಳೆಗಾಲದಲ್ಲಿ ಇಲಿಜ್ವರ, ಡೆಂಗ್ಯೂ. ಬೇಸಗೆಯಲ್ಲಿ ಕಾಡಂಚಿನ ಊರುಗಳಿಗೆ ಮಂಗನ ಕಾಯಿಲೆಯ ಆತಂಕ. ವರ್ಷವಿಡೀ ರಕ್ತದೊತ್ತಡ, ಮಧುಮೇಹ. ಇವೆಲ್ಲಕ್ಕೂ ಬಡವರ ಪಾಲಿನ ಮೊದಲ ಬಾಗಿಲು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ಭರವಸೆ ಕಳೆದುಕೊಂಡವರು ಮೂವತ್ತಕ್ಕೂ ಹೆಚ್ಚು ಕಿ.ಮೀ. ದೂರದ ಕುಂದಾಪುರಕ್ಕೋ, ಅದಕ್ಕೂ ಮುಂದೆ ಉಡುಪಿ, ಮಣಿಪಾಲಕ್ಕೋ ಬಸ್ಸು ಹತ್ತುತ್ತಾರೆ. ಕೂಲಿ ಕಾರ್ಮಿಕನಿಗೆ ಅದು ಒಂದು ದಿನದ ಸಂಬಳದ ನಷ್ಟ. ಹೋಗಲಾಗದವನು ಮಾತ್ರೆಯನ್ನೇ ನಿಲ್ಲಿಸಿದರೆ ಮುಂದೆ ಕಾದಿರುವುದು ಪಾರ್ಶ್ವವಾಯು ಅಥವಾ ಹೃದಯಾಘಾತದ ಅಪಾಯ.

ಅಂಕ ನೀಡುವವರಿದ್ದಾರೆ

ಗುಣಮಟ್ಟದ ಬಗ್ಗೆ ಸರಕಾರ ಸುಮ್ಮನೆ ಕುಳಿತಿಲ್ಲ. 2015ರಲ್ಲಿ ಆರಂಭವಾದ ‘ಕಾಯಕಲ್ಪ’ ಯೋಜನೆಯಡಿ ಸ್ವಚ್ಛತೆ ಕಾಯ್ದುಕೊಂಡ ಆಸ್ಪತ್ರೆಗಳಿಗೆ ಬಹುಮಾನ ದೊರೆಯುತ್ತದೆ. ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಂತೆ ಎಂಟು ವಿಭಾಗಗಳಲ್ಲಿ ಪರಿಶೀಲಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆಯೂ ಇದೆ. ತಂಡ ಬರುತ್ತದೆ, ಪಟ್ಟಿ ಹಿಡಿದು ನೋಡುತ್ತದೆ, ಅಂಕ ನೀಡಿ ತೆರಳುತ್ತದೆ. ಆದರೆ ಒಂದು ಪರಿಶೀಲನೆಯಿಂದ ಇನ್ನೊಂದರವರೆಗೆ ಸಿಬ್ಬಂದಿಯ ಜತೆ ಕುಳಿತು, ಎಲ್ಲಿ ತೊಡಕಾಗಿದೆ, ಅದನ್ನು ಬಿಡಿಸುವುದು ಹೇಗೆ ಎಂದು ಕೈಜೋಡಿಸುವವರು ಯಾರು? ಸುಗಮಕಾರರ ಪಾತ್ರ ಆರಂಭವಾಗುವುದು ಇಲ್ಲಿಯೇ.

ಬಳ್ಳಾರಿ, ಕಲಬುರಗಿಯ ಪಾಠ

ಇದರ ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆದಿದೆ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನಕ್ಕೆ ಪೂರಕವಾಗಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಅದರ ಸಹವರ್ತಿ ಸಂಸ್ಥೆಗಳು ನಡೆಸಿದ ‘ಸುಕ್ಷೇಮ’ ಯೋಜನೆಯಡಿ, ಅನುಭವಿ ನರ್ಸ್‌ಗಳನ್ನು ಮಾರ್ಗದರ್ಶಕರನ್ನಾಗಿ ನೇಮಿಸಲಾಯಿತು. 2012ರ ಆಗಸ್ಟ್‌ನಿಂದ 2014ರ ಜುಲೈವರೆಗೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳ 385 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂತಹ 53 ಮಂದಿ ದುಡಿದರು. ಒಬ್ಬರಿಗೆ 6ರಿಂದ 8 ಕೇಂದ್ರ. ಮೊದಲ ವರ್ಷ ಪ್ರತಿ ಕೇಂದ್ರಕ್ಕೆ ಸುಮಾರು ಆರು ಭೇಟಿ.

ಅವರು ತಪ್ಪು ಹುಡುಕಲು ಬಂದವರಲ್ಲ. ಹೆರಿಗೆ ಕೋಣೆಯಲ್ಲಿ ಸ್ಟಾಫ್ ನರ್ಸ್‌ಗಳ ಜತೆ ನಿಂತು ಕಲಿಸಿದರು. ಚಿಕಿತ್ಸೆಯ ಕ್ರಮವನ್ನು ಹಂತ ಹಂತವಾಗಿ ನೆನಪಿಸುವ ಹೊಸ ಕೇಸ್ ಶೀಟ್ ಬಳಕೆಗೆ ತಂದರು. ವೈದ್ಯಾಧಿಕಾರಿಯಿಂದ ಹಿಡಿದು ಎಲ್ಲ ಸಿಬ್ಬಂದಿಯನ್ನು ಒಟ್ಟಿಗೆ ಕೂರಿಸಿ ಕೇಂದ್ರದ ಕೊರತೆಗಳನ್ನು ಅವರಿಂದಲೇ ಪಟ್ಟಿ ಮಾಡಿಸಿದರು. ನರ್ಸ್‌ಗಳ ಜ್ಞಾನ, ಕೌಶಲ ಹೆಚ್ಚಿತು. ಸಲಕರಣೆಗಳ ಪೂರೈಕೆ ಹಾಗೂ ದೊಡ್ಡ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ ಸುಧಾರಿಸಿತು ಎಂಬುದು ಬಳಿಕ ನಡೆದ ಅಧ್ಯಯನದಲ್ಲಿ ಸಿಬ್ಬಂದಿಯೇ ನೀಡಿದ ಹೇಳಿಕೆ. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಮಾರ್ಗದರ್ಶಕರಿದ್ದ ಕೇಂದ್ರಗಳನ್ನು ಇಲ್ಲದ ಕೇಂದ್ರಗಳೊಂದಿಗೆ ಹೋಲಿಸಿದ ಅಧ್ಯಯನವೂ ಇದನ್ನೇ ಸೂಚಿಸಿತು.

ಅದೇ ಅಧ್ಯಯನಗಳು ಮಿತಿಯನ್ನೂ ತೋರಿಸಿವೆ. ಸಿಬ್ಬಂದಿ ಕೊರತೆಯಿದ್ದಲ್ಲಿ, ವೈದ್ಯಾಧಿಕಾರಿ ಆಸಕ್ತಿ ತೋರದಲ್ಲಿ ಅಥವಾ ಗೈರಾಗಿದ್ದಲ್ಲಿ ಮಾರ್ಗದರ್ಶಕರ ಶ್ರಮ ಫಲಿಸುವುದು ಕಷ್ಟವಾಯಿತು. ಖಾಲಿ ಹುದ್ದೆಗೆ ಸುಗಮಕಾರರು ಪರ್ಯಾಯವಾಗಲಾರರು.

ಕರಾವಳಿಗೆ ಹೊಂದುವುದೇ?

ಉತ್ತರ ಕರ್ನಾಟಕದ ಪ್ರಯೋಗ ಹೆರಿಗೆಗೆ ಸಂಬಂಧಿಸಿದ್ದು. ಕರಾವಳಿಯ ಅಗತ್ಯ ಬೇರೆ. ಇಲ್ಲಿ ಸುಗಮಕಾರರು ಕೇಳಬೇಕಾದ ಪ್ರಶ್ನೆಗಳೂ ಬೇರೆ. ರಕ್ತದೊತ್ತಡದ ಮಾತ್ರೆ ಒಯ್ಯಲು ಈ ತಿಂಗಳು ಬಾರದವರು ಎಷ್ಟು ಮಂದಿ? ಅವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿದ್ದಾರೆಯೇ? ಜ್ವರದ ರೋಗಿಯಲ್ಲಿ ಇಲಿಜ್ವರದ ಲಕ್ಷಣವನ್ನು ಮೊದಲ ಭೇಟಿಯಲ್ಲೇ ಗುರುತಿಸಲಾಯಿತೇ? ಕುಂದಾಪುರಕ್ಕೆ ಕಳುಹಿಸಿದ ರೋಗಿಯ ಮುಂದಿನ ಸ್ಥಿತಿ ಕೇಂದ್ರಕ್ಕೆ ತಿಳಿದಿದೆಯೇ? ಇವುಗಳಿಗೆ ಉತ್ತರ ಹುಡುಕಲು ಹೊಸ ಕಟ್ಟಡ ಬೇಕಾಗಿಲ್ಲ.

ಈ ಕಲ್ಪನೆ ಇಲಾಖೆಗೆ ಹೊಸತೂ ಅಲ್ಲ. ಸುಮಾರು 20 ಆಶಾ ಕಾರ್ಯಕರ್ತೆಯರಿಗೆ ಒಬ್ಬ ಸುಗಮಕಾರರಿರಬೇಕೆಂದು ರಾಷ್ಟ್ರೀಯ ಮಾರ್ಗಸೂಚಿ ಹೇಳಿತ್ತು. ಮನೆ ಬಾಗಿಲಿಗೆ ಹೋಗುವವರಿಗೆ ಬೆಂಬಲ ಬೇಕೆಂದಾದರೆ ಕೇಂದ್ರದೊಳಗೆ ದುಡಿಯುವ ನರ್ಸ್, ಸಮುದಾಯ ಆರೋಗ್ಯ ಅಧಿಕಾರಿಗಳಿಗೂ ಅದು ಬೇಕಲ್ಲವೇ?

ಉತ್ತರ ಕರ್ನಾಟಕದ ಅನುಪಾತವನ್ನೇ ಹಿಡಿದರೆ ಬೈಂದೂರಿನಂತಹ ತಾಲೂಕಿಗೆ ಒಬ್ಬರೋ ಇಬ್ಬರೋ ಅನುಭವಿ ನರ್ಸ್‌ಗಳು ಸಾಕಾಗಬಹುದು. ಆದರೆ ಅವರ ಮೇಲೆ ವರದಿ ತುಂಬುವ, ಸಭೆಗೆ ಓಡಾಡುವ ಹೊರೆ ಹೇರಬಾರದು. ಅಂಕ ನೀಡುವ ಅಧಿಕಾರವನ್ನೂ ಅವರ ಕೈಗೆ ಕೊಡಬಾರದು. ಕೊಟ್ಟರೆ ಅವರೂ ಇನ್ನೊಬ್ಬ ತಪಾಸಕರಾಗುತ್ತಾರೆ, ಸಿಬ್ಬಂದಿ ತಮ್ಮ ತೊಡಕುಗಳನ್ನು ಬಚ್ಚಿಡುತ್ತಾರೆ. ಆಸ್ಪತ್ರೆ ಮೇಲ್ದರ್ಜೆಗೇರಿಸುವಂತೆ ಆಗ್ರಹಿಸುವ ಜನಪ್ರತಿನಿಧಿಗಳು ಈ ಸಣ್ಣ ವೆಚ್ಚದ ಬೇಡಿಕೆಯನ್ನೂ ಜಿಲ್ಲಾಡಳಿತದ ಮುಂದಿಡುವುದು ಒಳಿತು.